ಅಮೆರಿಕದ ಕಾರ್ ರೇಸ್ ಸರಣಿ ನಾಸ್ಕಾರ್ ಅನ್ನು ಹೊಸದಾಗಿ ನೋಡುವವರಿಗೆ ಯಾವ ವಾರಾಂತ್ಯ ಒಳ್ಳೆಯದು?

ಬ್ರಿಸ್ಟಲ್‌ನಲ್ಲಿ ರಾತ್ರಿ ರೇಸ್ ನಡೆಯುವ ವಾರಾಂತ್ಯ. ಫ್ಲೋರಿಡಾದ ಡೇಟೋನಾ ಟ್ರ್ಯಾಕ್‌ನಲ್ಲಿ ನಡೆಯುವ ಡೇಟೋನಾ 500 ರೇಸ್ ಜಾಸ್ತಿ ಹೆಸರುವಾಸಿ, ನಿಜ. ಆದರೆ ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್‌ನ, ಅಂದರೆ ಷೋರೂಮ್ ಕಾರಿನ ರೂಪದ ರೇಸ್ ಕಾರುಗಳ ಪಂದ್ಯದ, ಜೀವ ಇರುವುದು ಟೆನೆಸ್ಸಿಯ ಈ ಪುಟ್ಟ ಟ್ರ್ಯಾಕ್‌ನಲ್ಲೇ.

ಕಾರಣ ಅದರ ಅಳತೆ. ಡೇಟೋನಾದ ಒಂದು ಸುತ್ತು 2.5 ಮೈಲಿ, ಬ್ರಿಸ್ಟಲ್‌ನದು ಬರೀ 0.533. ತಿರುವುಗಳಲ್ಲಿ ಟ್ರ್ಯಾಕ್ ಒಳಗಡೆಗೆ ತುಂಬಾ ಓರೆಯಾಗಿರುವುದರಿಂದ ಕಾರುಗಳ ವೇಗ ಅಷ್ಟಾಗಿ ತಗ್ಗುವುದಿಲ್ಲ. ಸುಮಾರು 15-16 ಸೆಕೆಂಡಿಗೆ ಒಂದು ಸುತ್ತು! ಹಾಗಾಗಿ ಮುಂದಿರುವವನು ಬೇಗನೆ ಕೊನೆಯವರ ಹಿಂದೆ ಬಂದು ಸಿಕ್ಕಿಕೊಳ್ಳುತ್ತಾನೆ. ಅವರನ್ನು ದಾಟುವಷ್ಟರಲ್ಲಿ ಎರಡನೆಯವನು ಬಂಪರ್ ಹತ್ತಿರ ಬಂದಿರುತ್ತಾನೆ. 500 ಸುತ್ತಿನ ರೇಸ್‌ನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಹೋದರೆ ಮೇಲಿನ ಸಾಲಿನ ಸೀಟು ತೆಗೆದುಕೊಳ್ಳಿ, ಇಡೀ ಟ್ರ್ಯಾಕ್ ಕಾಣುತ್ತದೆ.