ಒಂದು ಮೊಳ ಗೋಡೆ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಯೆಹೂದಿಗಳ ತಿಶಾ ಬಾವ್ ಉಪವಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಎಂದೋ ಬಿದ್ದ ದೇವಾಲಯಕ್ಕೆ ಇವತ್ತೂ ನೆಲದ ಮೇಲೆ ಕೂತು ಅಳುವುದು ಯಾಕೆ? ಹಳೆಯದನ್ನು ಮರೆತರೆ ತಾನೇ ಮುಂದಿನ ದಾರಿ ಕಾಣುವುದು? ನನ್ನ ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಅವರ ಕನ್ನಡಕ ಇನ್ನೂ ಟಿವಿ ಪಕ್ಕದಲ್ಲೇ ಇದೆ. 'ಸಾಕು, ತೆಗೆದಿಡು' ಅನ್ನುತ್ತಾನೆ ತಮ್ಮ. ಅವನ ಮಾತೇ ಸರಿ ಅನ್ನಿಸುತ್ತಿದೆ."

ತಾಯಿ, ನಿಮ್ಮ ತಮ್ಮನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅಳುತ್ತಲೇ ಉಳಿದರೆ ಮನುಷ್ಯ ಒಣಗಿಹೋಗುತ್ತಾನೆ. ಆದರೆ ಮರೆತರೆ ಮಾತ್ರ ಭರವಸೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀವೇ ಎತ್ತಿದ ಯೆಹೂದಿಗಳನ್ನೇ ನೋಡಿ.

ಜೆರುಸಲೇಮಿನ ಮೊದಲ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಸುಟ್ಟರು. ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ನರು. ಎರಡಕ್ಕೂ ಯೆಹೂದಿ ಪಂಚಾಂಗದ ಆವ್ ತಿಂಗಳ 9ನೇ ದಿನ ಶೋಕ, ಅದೇ ತಿಶಾ ಬಾವ್. ರಾತ್ರಿ ಮಂದ ಬೆಳಕಲ್ಲಿ ನೆಲದ ಮೇಲೆ ಕೂತು 'ಪ್ರಲಾಪಗಳು' ಎಂಬ ಶೋಕಗೀತೆಗಳ ಧರ್ಮಗ್ರಂಥವನ್ನು ಓದುತ್ತಾರೆ. ಅದರ ಕೊನೆಯ ಸಾಲು ತುಂಬಾ ಕಹಿ. ಅದಕ್ಕೇ ಹಿಂದಿನ ಸಾಲನ್ನು, "ನಮ್ಮನ್ನು ಮತ್ತೆ ನಿನ್ನ ಕಡೆಗೆ ತಿರುಗಿಸಿಕೋ" ಅನ್ನುವುದನ್ನು, ಇನ್ನೊಮ್ಮೆ ಓದಿ ನಿಲ್ಲಿಸುತ್ತಾರೆ. ಮರುದಿನ ನಡುಮಧ್ಯಾಹ್ನ ದಾಟಿದರೆ ನೆಲದಿಂದ ಎದ್ದು ಕುರ್ಚಿಗೆ ಬರುತ್ತಾರೆ. ಕೆಲವು ಕಡೆ ಹೆಂಗಸರು ಆಗಲೇ ಮನೆ ಗುಡಿಸಲು ಶುರುಮಾಡುತ್ತಾರೆ. ದೇವಾಲಯ ಬಿದ್ದ ದಿನವೇ ಕಾಪಾಡುವವನೂ ಹುಟ್ಟುತ್ತಾನೆ ಅನ್ನುವ ಹಳೆಯ ನಂಬಿಕೆ ಅದು. ಉಪವಾಸ ಮುಗಿಯಲು ಇನ್ನೂ ಎಷ್ಟೋ ಹೊತ್ತಿದೆ, ಪೊರಕೆ ಆಗಲೇ ಕೈಗೆ ಬಂದಿದೆ! ಆ ದಿನಕ್ಕೆ ಮುಂಚಿನ ಶೋಕ ಮೂರು ವಾರ. ಆಮೇಲೆ ಪ್ರವಾದಿ ಯೆಶಾಯನ ಸಾಂತ್ವನದ ಮಾತುಗಳನ್ನು ಓದುವುದು ಏಳು ವಾರ.

ಯೆಹೂದಿಗಳ ಹಳೆಯ ಧರ್ಮಚರ್ಚೆಗಳ ಗ್ರಂಥ ತಾಲ್ಮೂದಿನಲ್ಲಿ ಒಂದು ಕಥೆಯಿದೆ. ದೇವಾಲಯ ಬಿದ್ದ ಮೇಲೆ ಹಲವರು ಮಾಂಸ, ದ್ರಾಕ್ಷಾರಸ ಬಿಟ್ಟರು. ಬಲಿಪೀಠದ ಮೇಲೆ ಇಡುತ್ತಿದ್ದುದನ್ನು ನಾವು ತಿನ್ನುವುದು ಹೇಗೆ ಅಂತ. ರಬ್ಬಿ ಯೆಹೋಶುವ ಎಂಬ ಗುರು ಆ ಜನರ ಹತ್ತಿರ ಹೋಗಿ ಕೇಳಿದರು: ಹಾಗಾದರೆ ರೊಟ್ಟಿಯೂ ಬೇಡ, ಹಿಟ್ಟಿನ ನೈವೇದ್ಯ ನಿಂತಿತಲ್ಲ? ನೀರೂ ಬೇಡ, ಅಲ್ಲಿ ನೀರನ್ನೂ ಸುರಿಯುತ್ತಿದ್ದರಲ್ಲ? ಅವರು ಸುಮ್ಮನಾದರು. ಆಗ ರಬ್ಬಿ ಎಂದರು: ಮಕ್ಕಳೇ, ಅಳದೇ ಇರಲು ಆಗದು, ಜಾಸ್ತಿ ಅಳಲೂ ಆಗದು. ಮನೆಗೆ ಸುಣ್ಣ ಬಳಿಯಿರಿ, ಒಂದಿಷ್ಟು ಜಾಗ ಹಾಗೇ ಬಿಡಿ. ಎಷ್ಟು ಅಂತ ಇನ್ನೊಬ್ಬರು ಆಮೇಲೆ ಅಳತೆಯನ್ನೂ ಕೊಟ್ಟರು: ಒಂದು ಮೊಳ ಉದ್ದ, ಒಂದು ಮೊಳ ಅಗಲ.

ಈ ಕಥೆ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಮನೆಯ ಸಾವಿಗೂ ಅವರಲ್ಲಿ ಇಂಥದೇ ಅಳತೆ. ಮೊದಲು ಶಿವಾ, ಅಂದರೆ ಏಳು ದಿನದ ಶೋಕ. ಮಣ್ಣು ಮಾಡಿ ಬಂದವರು ಮೊದಲ ಊಟಕ್ಕೆ ತಮ್ಮ ಮನೆಯದನ್ನು ತಿನ್ನುವುದಿಲ್ಲ. ನೆರೆಯವರು ತರುತ್ತಾರೆ, ಹೆಚ್ಚಾಗಿ ಬೇಯಿಸಿದ ಮೊಟ್ಟೆ, ಬೇಳೆ. ನೋಡಲು ಬಂದವರು, ದುಃಖದಲ್ಲಿರುವವರು ಬಾಯಿ ಬಿಡುವ ತನಕ ತಾವಾಗಿ ಮಾತು ಎತ್ತುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರುತ್ತಾರೆ. ಅಪ್ಪ ಅಮ್ಮನಿಗಾಗಿ ಮಕ್ಕಳು ಹನ್ನೊಂದು ತಿಂಗಳು ಕದ್ದಿಷ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಪೂರ್ತಿ ದೇವರ ಸ್ತುತಿ. ಒಬ್ಬರೇ ಹೇಳುವಂತೆಯೂ ಇಲ್ಲ, ಹತ್ತು ಜನ ಸೇರಬೇಕು. ಅಳುವವನು ದಿನಾ ಮನೆಯಿಂದ ಹೊರಗೆ ಬರಲೇಬೇಕು, ಅಲ್ವಾ?

ನಾವೇನು ಮಾಡುತ್ತಿದ್ದೇವೆ? ನನ್ನ ತಂದೆ ಹೋದಾಗ ನಾಲ್ಕನೇ ದಿನವೇ ಕೆಲಸಕ್ಕೆ ಕರೆದರು. "ಎಲ್ಲ ಮುಗೀತಲ್ಲ?" ಎಂದು ಮೇಲಿನವರು ಕೇಳಿದರು. ಹೂಂ ಅಂದೆ. ಏನೂ ಮುಗಿದಿರಲಿಲ್ಲ. ಈಗಂತೂ ಹದಿಮೂರು ದಿನದ ಕಾರ್ಯವನ್ನು ಮೂರೇ ದಿನಕ್ಕೆ ಮುಗಿಸುವವರನ್ನು ನೋಡುತ್ತಿದ್ದೇನೆ. ಸಾವಿನ ಸುದ್ದಿಗೆ ಫೋನಿನಲ್ಲಿ ಕೈಮುಗಿದ ಚಿತ್ರ ಕಳಿಸಿ, ಮರುಕ್ಷಣ ಕ್ರಿಕೆಟ್ ಸ್ಕೋರು ನೋಡುತ್ತೇವೆ. ಮಕ್ಕಳನ್ನು ಸಾವಿನ ಮನೆಗೆ ಕರೆದೊಯ್ಯುವುದಿಲ್ಲ. ಅವರು ಅಳುವವರ ಪಕ್ಕ ಕೂರುವುದನ್ನು ಎಲ್ಲಿ ಕಲಿಯಬೇಕು? ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆ ಕನ್ನಡಕ ಅಲ್ಲೇ ಇರಲಿ. ವಾರಕ್ಕೊಮ್ಮೆ ಧೂಳು ಒರೆಸಿ. ಮಳೆ ನಿಂತ ಮೇಲೆ ಮನೆಗೆ ಸುಣ್ಣವನ್ನೂ ಬಳಿಸಿ. ತಮ್ಮನ ಮೇಲೆ ಕೋಪ ಬೇಡ, ಅವನ ಅಮ್ಮನೂ ಹೋಗಿದ್ದಾರೆ. ಮುಂದಿನ ಸಲ ಬಂದಾಗ ಅವನಾಗೇ ಮಾತಾಡುವ ತನಕ ಸುಮ್ನೆ ಅವನ ಪಕ್ಕದಲ್ಲಿ ಕೂತಿರಿ.

— ಸಂಪಾದಕ