ಬರಗಾಲದಲ್ಲಿ ನೀರು ಪೋಲು ಮಾಡಿದ್ರೆ ದಂಡ ಅಂತ ಬೆಂಗಳೂರಲ್ಲಿ ಮಾಡಿದ್ರಲ್ಲ, ಬಳ್ಳಾರಿಯಲ್ಲೂ ಕಡ್ಡಾಯ ಮಾಡಿದ್ರೆ ನೀರು ಉಳಿಯುತ್ತಾ?

ಉಳಿತೈತೆ, ಆದ್ರೆ ಆ ರೂಲ್ಸ್ ಹಂಗೇ ಎತ್ಕೊಂಡ್ ಬಂದು ಇಲ್ಲಿ ಇಟ್ರೆ ಅಲ್ಲ. ನಾನು ಬಳ್ಳಾರಿಯೋಳೇ, ನಮ್ಮನೇಲಿ ನೀರು ಹಿಡಿಯೋದು ನಂದೇ ಕೆಲಸ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ.

ಬೆಂಗಳೂರಿಂದು 2024ರ ಮಾರ್ಚಿನ ಮಾತು. ಕುಡಿಯೋ ನೀರಲ್ಲಿ ಗಾಡಿ ತೊಳೆಯೋದು, ಗಾರ್ಡನ್‌ಗೆ ಬಿಡೋದು, ಬಿಲ್ಡಿಂಗ್ ಕಟ್ಟೋದು, ಕಾರಂಜಿ ಎಲ್ಲಾ ಬಂದ್ ಅಂತ ಜಲಮಂಡಳಿ ಆರ್ಡರ್ ಮಾಡ್ತು, 5,000 ರೂಪಾಯಿ ದಂಡ, ಮತ್ತೆ ಮಾಡಿದ್ರೆ ದಿನಕ್ಕೆ 500 ಸೇರಿಸಿ. ಹೋಟ್ಲು ಮಾಲ್‌ಗಳ ನಲ್ಲಿಗೆ ಏರಿಯೇಟರ್, ಅಂದ್ರೆ ನೀರಿಗೆ ಗಾಳಿ ಬೆರೆಸಿ ಕಮ್ಮಿ ಬಿಡೋ ಜಾಲರಿ ಮೂತಿ, ಹಾಕ್ಲೇಬೇಕು ಅಂದ್ರು. ಅಲ್ಲಿ ಮೀಟರ್ ಐತೆ, ಕಟ್ಟಡದೋರಿಗೆ ಕೊಡೋಕೆ ಸಂಸ್ಕರಿಸಿದ ನೀರೂ ಐತೆ, ಹಂಗಾಗಿ ಆ ಆರ್ಡರ್‌ಗೆ ಒಂದು ಅರ್ಥ ಇತ್ತು.

ಇಲ್ಲಿ ಬ್ಯಾಸಿಗೇಲಿ ನೀರು ಬರೋದೇ ಎಷ್ಟೋ ದಿನಕ್ಕೊಮ್ಮೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಬಚ್ಚಲು ತೊಳೆಯೋಕೆ ಅಂತ ಬಾಳ್ವೆ ಮಾಡೋ ಹೆಣ್ಮಕ್ಕಳಿಗೆ ಉಳಿತಾಯ ಮಾಡ್ರಿ ಅಂತ ಹೇಳೋದೇನೈತ್ರಿ? ಪೋಲಾಗೋದು ನೀರು ಬಿಟ್ಟ ದಿನ. ಮುಂದಿನ ಸಲ ಯಾವಾಗ ಬಿಡ್ತಾರೋ ಗೊತ್ತಿರಲ್ಲ, ಅದಕ್ಕೆ ಡ್ರಮ್ಮು, ಕೊಡ, ಬಕೆಟ್ಟು, ಸಿಂಟೆಕ್ಸ್ ಎಲ್ಲಾ ತುಂಬಿ ಇಟ್ಕೊಂಡಿರ್ತೀವಿ, ದಿಢೀರಂತ ಹೊಸ ನೀರು ಬಂದ ಕೂಡ್ಲೇ ಹಳೇದು ಹುಳ ಬಿದ್ದಿರ್ತೈತೆ ಅಂತ ಅಂಗಳಕ್ಕೆ ಚೆಲ್ಲಿ ಮತ್ತೆ ತುಂಬ್ಸೋದು, ಓಣಿ ತುಂಬ ಎಲ್ಲಾ ಮನೇಲೂ ಇದೇ ಕತೆ. ಜತೆಗೆ ಸಂಪ್ ತುಂಬಿ ಹೊರಗೆ ಹರಿತಿರ್ತೈತೆ, ಪೈಪಿಗೇ ಮೋಟ್ರು ಹಾಕಿ ಎಳಿತಾರೆ, ಓಣಿ ಕಡೇ ಮನೆಯೋರಿಗೆ ಬರೋದು ಬರೀ ಗಾಳಿ. ಈ ಚೆಲ್ಲೋದು ದಂಡದಿಂದ ನಿಲ್ಲಲ್ಲ. ಇಂಥಾ ದಿನ ಇಷ್ಟೊತ್ತಿಗೆ ಅಂತ ಮೊದ್ಲೇ ಹೇಳಿ ಹೇಳಿದಂಗೆ ಬಿಟ್ರೆ ಅರ್ಧಕ್ಕರ್ಧ ತಾನೇ ನಿಲ್ತೈತೆ ಅನ್ನೋದು ನನ್ನ ನಂಬಿಕೆ.

ಇನ್ನೊಂದು, ಯಾವಾಗ ಶುರು ಮಾಡ್ಬೇಕು ಅನ್ನೋದು. ನಮಗೆ ತುಂಗಭದ್ರೆ ಬಿಟ್ರೆ ಗತಿ ಇಲ್ಲ, ಕಾಲುವೆ ನೀರು ಬಂದಾಗ ಅಲ್ಲೀಪುರ ಕೆರೆ ತುಂಬ್ಸಿ ಇಟ್ಕೋಬೇಕು, ಕಾಲುವೆ ಬಂದ್ ಆದ್ಮೇಲೆ ಅದರಲ್ಲೇ ತಿಂಗಳುಗಟ್ಲೆ ಕಳೀಬೇಕು. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದೈತೆ. ಮಳೆಗಾಲ ಮುಗಿಯೋ ಹೊತ್ತಿಗೇ ಡ್ಯಾಮಲ್ಲಿ ಎಷ್ಟೈತೆ ಅಂತ ಗೊತ್ತಾಗಿಬಿಡ್ತೈತಲ್ಲ, 2023ರಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರ ಅಂತ ಘೋಷಣೆ ಮಾಡಿದ್ದೂ ಬ್ಯಾಸಿಗೆ ಬರೋಕೆ ಮುಂಚೇನೇ. ರೂಲ್ಸ್ ಬರ್ಬೇಕಾದ್ದು ಅವಾಗ, ಏಪ್ರಿಲ್‌ನಲ್ಲಿ ಕೆರೆ ತಳ ಕಂಡ ಮೇಲಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2018ರಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ರು, ಜತೆಗೆ ಡ್ಯಾಮಲ್ಲಿ ಎಷ್ಟು ಉಳಿದೈತೆ ಅಂತ ವಾರ ವಾರ ಜನಕ್ಕೆ ತೋರಿಸ್ತಿದ್ರು. ಕಣ್ಣಿಗೆ ಕಂಡ್ರೆ ಜನ ಕೇಳ್ತಾರ್ರಿ.

ದಂಡ ಬ್ಯಾಡ ಅಂತಿಲ್ಲ ನಾನು. ಸಂಪ್ ಉಕ್ಕಿಸೋರಿಗೆ, ಲೈನಿಗೆ ಮೋಟ್ರು ಹಾಕೋರಿಗೆ, ಕುಡಿಯೋ ನೀರಲ್ಲಿ ಲಾರಿ ಕಾರು ತೊಳೆಯೋ ಸರ್ವಿಸ್ ಸ್ಟೇಷನ್‌ನೋರಿಗೆ ಹಾಕ್ಲಿ, ಮೊದ್ಲು ಅವರಿಗೇ ಹಾಕ್ಲಿ. ಬೀದಿ ನಲ್ಲೀಲಿ ಕ್ಯೂ ನಿಂತು ಕೊಡ ಹೊರೋರ ತಂಟೆಗೆ ಮಾತ್ರ ಹೋಗಬಾರ್ದು.

ನಿಮ್ಮ ವಾರ್ಡಲ್ಲಿ ಈ ವಿಷಯ ಎತ್ತೋದಾದ್ರೆ ದಂಡದ ಮಾತು ಆಮೇಲೆ, ಮೊದ್ಲು ನೀರು ಬಿಡೋ ತಾರೀಖು ಟೈಮಿನ ಪಟ್ಟಿ ಕೇಳ್ರಿ, ಓಣಿ ಹೆಣ್ಮಕ್ಕಳನ್ನೂ ಜತೆಗೆ ಕರ್ಕೊಂಡು ಹೋಗ್ರಿ.