ಥಾಯ್ಲೆಂಡ್‌ನಲ್ಲಿ ವಾಹನ ತೆರಿಗೆ, ಕಡ್ಡಾಯ ವಿಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಥಾಯ್ಲೆಂಡ್‌ನ ಛೊನ್‌ಬುರಿ ಪ್ರಾಂತ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಭಾರತಕ್ಕೆ ಮರಳಿದ ಸಹೋದ್ಯೋಗಿಯೊಬ್ಬರಿಂದ 1500 ಸಿ.ಸಿ.ಯ, ಎಂಟು ವರ್ಷ ಹಳೆಯ ಕಾರನ್ನು ಕೊಂಡು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ. ಆಗ ಪಾಸ್‌ಪೋರ್ಟ್, ವೀಸಾ, ವರ್ಕ್ ಪರ್ಮಿಟ್ ಎಲ್ಲವನ್ನೂ ಕೇಳಿದ್ದರು. ಈಗ ವಾರ್ಷಿಕ ತೆರಿಗೆಯ ಅವಧಿ ಮುಗಿಯುತ್ತಿದೆ. ಅದೇ ಕಾಗದಗಳು ಮತ್ತೆ ಬೇಕೆಂದು ಏಜೆಂಟರು ಹೇಳುತ್ತಾರೆ, ಏನೂ ಬೇಡವೆಂದು ಗೆಳೆಯರು ಹೇಳುತ್ತಾರೆ. ವಿಮೆ, ತಪಾಸಣೆ, ತೆರಿಗೆ ಇವುಗಳಲ್ಲಿ ಮೊದಲು ಮಾಡಿಸಬೇಕಾದದ್ದು ಯಾವುದು? ಒಟ್ಟು ಖರ್ಚು ಎಷ್ಟಾಗಬಹುದು?

ಉತ್ತರ: ಈ ವಿಷಯದಲ್ಲಿ ನಿಮ್ಮ ಗೆಳೆಯರ ಮಾತೇ ಸರಿ. ವಾಹನದ ಒಡೆತನವನ್ನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಿಸುವಾಗ, ಹೊಸ ಒಡೆಯ ಯಾರು, ಅವನು ದೇಶದಲ್ಲಿ ಯಾವ ಆಧಾರದ ಮೇಲೆ ನೆಲೆಸಿದ್ದಾನೆ, ಅವನ ವಿಳಾಸ ಯಾವುದು ಎಂಬುದನ್ನು ಭೂಸಾರಿಗೆ ಇಲಾಖೆ ನೋಡಲೇಬೇಕು. ವರ್ಕ್ ಪರ್ಮಿಟ್ಟನ್ನೋ ವಲಸೆ ಕಚೇರಿಯ ವಾಸಸ್ಥಳ ಪತ್ರವನ್ನೋ ಕೇಳುವುದು ಅದಕ್ಕಾಗಿಯೇ. ವಾರ್ಷಿಕ ತೆರಿಗೆಯ ನವೀಕರಣದಲ್ಲಿ ಇಲಾಖೆ ನೋಡುವುದು ವಾಹನವನ್ನು, ಒಡೆಯನನ್ನಲ್ಲ. ನಿಮ್ಮ ವೀಸಾ ಯಾವ ಬಗೆಯದು, ಅದು ಎಂದಿಗೆ ಮುಗಿಯುತ್ತದೆ ಎಂಬುದಕ್ಕೂ ಕಾರಿನ ತೆರಿಗೆಗೂ ಸಂಬಂಧವಿಲ್ಲ. ನೀವೇ ಹೋಗಬೇಕೆಂಬ ನಿಯಮವೂ ಇಲ್ಲ. ಕಾಗದಗಳು ಸರಿಯಾಗಿದ್ದರೆ ಮನೆಯವರು, ಗೆಳೆಯರು, ಯಾರು ಬೇಕಾದರೂ ಕಟ್ಟಿ ಬರಬಹುದು. ವಾಹನ ಯಾವ ಪ್ರಾಂತ್ಯದಲ್ಲಿ ನೋಂದಣಿಯಾಗಿದ್ದರೂ ದೇಶದ ಯಾವ ಸಾರಿಗೆ ಕಚೇರಿಯಲ್ಲಾದರೂ ತೆರಿಗೆ ಸ್ವೀಕರಿಸುತ್ತಾರೆ.

ಬೇಕಾಗುವ ಕಾಗದಗಳು ಮೂರು. ಮೊದಲನೆಯದು ನೋಂದಣಿ ಪುಸ್ತಕ. ಕಾರಿನದು ನೀಲಿ ರಕ್ಷಾಪುಟದ್ದು, ಮೋಟರ್‌ಸೈಕಲ್ಲಿನದು ಹಸಿರು. ಅಲ್ಲಿನ ವಿದೇಶಿಯರ ಬಾಯಲ್ಲಿ ಅವು ನೀಲಿ ಪುಸ್ತಕ, ಹಸಿರು ಪುಸ್ತಕ ಎಂದೇ ಬಳಕೆಯಲ್ಲಿವೆ. ಎರಡನೆಯದು ಕಡ್ಡಾಯ ವಿಮೆಯ ಪತ್ರ, ಅಂದರೆ ಥಾಯ್ ಜನ ‘ಪೊರೊಬೊ’ ಎಂದು ಕರೆಯುವುದು. ಮೂರನೆಯದಾದ ತಪಾಸಣಾ ಪತ್ರ ಎಲ್ಲರಿಗೂ ಬೇಕಿಲ್ಲ. ಕಾರು ನೋಂದಣಿಯಾಗಿ 7 ವರ್ಷ, ಮೋಟರ್‌ಸೈಕಲ್ 5 ವರ್ಷ ತುಂಬಿದ್ದರೆ ಮಾತ್ರ ಅದು ಬೇಕು. ನಿಮ್ಮ ಕಾರಿಗೆ ಎಂಟು ವರ್ಷವಾಗಿರುವುದರಿಂದ ನಿಮಗೆ ಅದರಿಂದ ವಿನಾಯಿತಿಯಿಲ್ಲ. ವಿಮೆ ಮತ್ತು ತಪಾಸಣೆಯಲ್ಲಿ ಯಾವುದನ್ನು ಮೊದಲು ಮಾಡಿಸಿದರೂ ಅಡ್ಡಿಯಿಲ್ಲ, ಆದರೆ ಇವೆರಡೂ ಕೈಗೆ ಬರುವ ತನಕ ತೆರಿಗೆಯ ಕೌಂಟರಿಗೆ ಹೋಗಿ ಪ್ರಯೋಜನವಿಲ್ಲ. ಅನೇಕ ಖಾಸಗಿ ತಪಾಸಣಾ ಕೇಂದ್ರಗಳು ವಿಮೆಯನ್ನೂ ಮಾರುವುದರಿಂದ ಹೆಚ್ಚಿನವರಿಗೆ ಎರಡೂ ಒಂದೇ ಜಾಗದಲ್ಲಿ ಮುಗಿದುಹೋಗುತ್ತವೆ. ಈ ಕೇಂದ್ರಗಳನ್ನು ಅಲ್ಲಿ ‘ತೊರೊಒ’ ಎನ್ನುತ್ತಾರೆ.

ತಪಾಸಣೆಗೆ ಹೆದರಬೇಕಾದ್ದಿಲ್ಲ. ಗಾಲಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕಿನ ಹಿಡಿತವನ್ನು ಅಳೆಯುತ್ತಾರೆ, ಹೊಗೆ ಕೊಳವೆಯೊಳಗೆ ಸಲಾಕೆಯಂಥ ಸಾಧನವೊಂದನ್ನು ತೂರಿಸಿ ಹೊಗೆಯ ಪ್ರಮಾಣ ನೋಡುತ್ತಾರೆ, ಮುಂದಿನ ದೀಪಗಳ ಬೆಳಕು ಎಷ್ಟು ಎತ್ತರಕ್ಕೆ ಬೀಳುತ್ತದೆಂದು ಪರೀಕ್ಷಿಸುತ್ತಾರೆ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಪುಸ್ತಕದೊಂದಿಗೆ ತಾಳೆ ಹಾಕುತ್ತಾರೆ. ಹಳೆಯ ಕಾರು ಕೊಂಡವರು ಎಡವುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ. ಹಿಂದಿನ ಒಡೆಯ ಎಂಜಿನ್ ಬದಲಿಸಿಯೋ ಬಣ್ಣ ಬದಲಿಸಿಯೋ ಪುಸ್ತಕದಲ್ಲಿ ನಮೂದಿಸದೆ ಬಿಟ್ಟಿದ್ದರೆ ಆ ತಕರಾರು ಖಾಸಗಿ ಕೇಂದ್ರದಲ್ಲಿ ಬಗೆಹರಿಯುವಂಥದ್ದಲ್ಲ, ಸಾರಿಗೆ ಕಚೇರಿಗೇ ವಾಹನವನ್ನು ಒಯ್ಯಬೇಕಾಗುತ್ತದೆ. ಸಾಮಾನ್ಯ ಕಾರಿಗೆ ತಪಾಸಣಾ ಶುಲ್ಕ 200 ಬಾತ್, ಮೋಟರ್‌ಸೈಕಲ್ಲಿಗೆ 60 ಬಾತ್.

ಇನ್ನು ತೆರಿಗೆಯ ಲೆಕ್ಕ. ಏಳು ಆಸನಗಳವರೆಗಿನ ಖಾಸಗಿ ಕಾರಿಗೆ ಎಂಜಿನ್ನಿನ ಗಾತ್ರವೇ ಆಧಾರ. ಮೊದಲ 600 ಸಿ.ಸಿ.ಗೆ ಪ್ರತಿ ಸಿ.ಸಿ.ಗೆ ಅರ್ಧ ಬಾತ್, 601ರಿಂದ 1800ರವರೆಗೆ ಒಂದೂವರೆ ಬಾತ್, ಅದರಾಚೆಗೆ 4 ಬಾತ್. ನಿಮ್ಮ 1500 ಸಿ.ಸಿ. ಕಾರಿಗೆ 300 ಮತ್ತು 1350 ಸೇರಿ 1650 ಬಾತ್ ಆಗುತ್ತದೆ. ಆದರೆ ಕಾರಿಗೆ ವಯಸ್ಸಾದಂತೆ ತೆರಿಗೆ ಇಳಿಯುತ್ತದೆ: ಆರನೆಯ ವರ್ಷಕ್ಕೆ ಶೇ. 10ರಷ್ಟು ರಿಯಾಯಿತಿ ಸಿಕ್ಕರೆ, ಅಲ್ಲಿಂದ ವರ್ಷಕ್ಕೆ ಶೇ. 10ರಂತೆ ಏರುತ್ತಾ ಹತ್ತನೆಯ ವರ್ಷದಿಂದ ಶೇ. 50ಕ್ಕೆ ನಿಲ್ಲುತ್ತದೆ. ಆದ್ದರಿಂದ ಈಗ ನೀವು ಕಟ್ಟಬೇಕಾದದ್ದು 1650 ಬಾತ್‌ಗಿಂತ ಕಡಿಮೆಯೇ. ಮುಂದೆ ಅದು 825 ಬಾತ್‌ಗೆ ಇಳಿಯುತ್ತದೆ. ಕಡ್ಡಾಯ ವಿಮೆಯ ಮೂಲ ಕಂತು 600 ಬಾತ್, ಮೌಲ್ಯವರ್ಧಿತ ತೆರಿಗೆ ಮತ್ತು ಮುದ್ರಾಂಕ ಸೇರಿ 645.21 ಬಾತ್. ಏಜೆಂಟರು ಇದರ ಮೇಲೆ ಸೇವಾಶುಲ್ಕ ಕೇಳುವುದು ತಪ್ಪಲ್ಲ, ಕಚೇರಿಯ ವೇಳೆಯಲ್ಲಿ ರಜೆ ಸಿಗದವರಿಗೆ ಅದೊಂದು ಅನುಕೂಲವೇ. ಆದರೆ ಬೇಡದ ಕಾಗದಗಳ ಪಟ್ಟಿಯನ್ನು ಮುಂದಿಟ್ಟು, ಅವನ್ನು ‘ಹೊಂದಿಸಿಕೊಡುತ್ತೇನೆ’ ಎಂದು ದರ ಏರಿಸುವವರಿಂದ ದೂರವಿರುವುದು ಒಳ್ಳೆಯದು.

ಅವಧಿ ಮುಗಿಯುವ 90 ದಿನ ಮೊದಲೇ ತೆರಿಗೆ ಕಟ್ಟಬಹುದು. ಬೇಗ ಕಟ್ಟಿದಿರೆಂದು ಮುಂದಿನ ಅವಧಿ ಕಡಿಮೆಯಾಗುವುದಿಲ್ಲ. ಪುಸ್ತಕದಲ್ಲಿಯೂ ಗಾಜಿನ ಮೇಲೆ ಅಂಟಿಸುವ ತೆರಿಗೆ ಚೀಟಿಯಲ್ಲಿಯೂ ಇರುವ ವರ್ಷ ಬೌದ್ಧ ಶಕೆಯದು. 2569 ಎಂದಿದ್ದರೆ 543 ಕಳೆದು 2026 ಎಂದು ಓದಿಕೊಳ್ಳಬೇಕು. ಏಪ್ರಿಲ್ ನಡುವಿನಲ್ಲಿ ಅವಧಿ ಮುಗಿಯುವವರು ಸೊಂಗ್‌ಕ್ರಾನ್ ಹಬ್ಬದ ರಜೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ನನ್ನ ಕಾರಿಗೆ ಮೊದಲ ದರ್ಜೆಯ ವಿಮೆ, ಅಂದರೆ ಕಾರಿನ ಹಾನಿಯನ್ನೂ ಭರಿಸುವ ಐಚ್ಛಿಕ ವಿಮೆ, ಇದೆ. ಪ್ರತಿ ವರ್ಷ ಅದಕ್ಕೆ ಸಾಕಷ್ಟು ಹಣ ತೆರುತ್ತೇನೆ. ಹೀಗಿದ್ದೂ ಬೇರೆಯಾಗಿ ಪೊರೊಬೊ ಕೊಳ್ಳಬೇಕೆ? ಒಂದೇ ಅಪಾಯಕ್ಕೆ ಎರಡು ವಿಮೆ ಮಾಡಿಸಿದಂತಾಗುವುದಿಲ್ಲವೆ? — ಬ್ಯಾಂಕಾಕ್‌ನಿಂದ ಓದುಗರೊಬ್ಬರು

ಉತ್ತರ: ಕೊಳ್ಳಲೇಬೇಕು, ಮತ್ತು ಎರಡೂ ಒಂದೇ ಅಪಾಯಕ್ಕೆ ಅಲ್ಲ. ಪೊರೊಬೊ ಎಂಬುದು 1992ರ ವಾಹನ ಅಪಘಾತ ಸಂತ್ರಸ್ತರ ರಕ್ಷಣಾ ಕಾಯ್ದೆಯಡಿ ಬಂದದ್ದು. ಅದು ಕಾಯುವುದು ಮನುಷ್ಯರನ್ನು ಮಾತ್ರ. ನಿಮ್ಮ ಕಾರಿನ ಬಾಗಿಲು ನುಗ್ಗಾದರೂ, ಎದುರಿನವರ ಕಾರು ಪೂರ್ತಿ ಜಖಂ ಆದರೂ ಅದರಿಂದ ಒಂದು ಬಾತ್ ಕೂಡ ಬರುವುದಿಲ್ಲ. ಆದರೆ ಗಾಯಗೊಂಡವರಿಗೆ, ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ, 30,000 ಬಾತ್‌ವರೆಗೆ ಚಿಕಿತ್ಸೆಯ ವೆಚ್ಚವೂ ಸಾವು ಸಂಭವಿಸಿದ್ದರೆ 35,000 ಬಾತ್ ಪ್ರಾಥಮಿಕ ಪರಿಹಾರವೂ ಸಿಗುತ್ತದೆ. ತಪ್ಪು ಯಾರದೆಂದು ಸ್ಥಿರಪಟ್ಟ ಮೇಲೆ, ತಪ್ಪಿಲ್ಲದವರಿಗೆ ಚಿಕಿತ್ಸೆಗೆ 80,000 ಬಾತ್‌ವರೆಗೆ, ಸಾವಿಗೆ 5 ಲಕ್ಷ ಬಾತ್ ತನಕ ಪರಿಹಾರ ಏರುತ್ತದೆ. ತಪ್ಪು ಮಾಡಿದ ಚಾಲಕನಿಗೆ ಸಿಗುವುದು ಪ್ರಾಥಮಿಕ ಮೊತ್ತವಷ್ಟೇ. ಪ್ರಾಥಮಿಕ ಪರಿಹಾರಕ್ಕೆ ಅಪಘಾತ ನಡೆದ 180 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು ಎಂಬುದು ವಿದೇಶಿಯರು ಹೆಚ್ಚಾಗಿ ತಿಳಿಯದೆ ಕಳೆದುಕೊಳ್ಳುವ ಹಕ್ಕು. ಪಾದಚಾರಿಯಾಗಿ ಪೆಟ್ಟು ತಿಂದ ಪ್ರವಾಸಿಗೂ ಇದು ಅನ್ವಯಿಸುತ್ತದೆ.

ಪೊರೊಬೊ ಇಲ್ಲದೆ ವಾಹನ ಓಡಿಸಿದರೆ 10,000 ಬಾತ್‌ವರೆಗೆ ದಂಡವಿದೆ. ದಂಡಕ್ಕಿಂತ ಭಾರವಾದ ಪರಿಣಾಮ ಇನ್ನೊಂದಿದೆ. ವಿಮೆಯಿಲ್ಲದ ವಾಹನದಿಂದ ಯಾರಿಗಾದರೂ ಗಾಯವಾದರೆ ಸರ್ಕಾರದ ಸಂತ್ರಸ್ತರ ನಿಧಿ ಅವರಿಗೆ ಪ್ರಾಥಮಿಕ ಪರಿಹಾರ ಕೊಡುತ್ತದೆ, ಬಳಿಕ ಆ ಮೊತ್ತವನ್ನು ಶೇ. 20ರಷ್ಟು ಹೆಚ್ಚುವರಿ ಸೇರಿಸಿ ವಾಹನದ ಒಡೆಯನಿಂದ ವಸೂಲು ಮಾಡುತ್ತದೆ. ಮೊದಲ ದರ್ಜೆಯ ವಿಮೆ ಮಾರುವ ಕಂಪನಿಗಳು ಪೊರೊಬೊವನ್ನೂ ಜೊತೆಗೇ ಕೊಡುವುದುಂಟು. ನಿಮ್ಮ ಕಂತಿನಲ್ಲಿ ಅದು ಈಗಾಗಲೇ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಒಂದೇ ವಾಹನಕ್ಕೆ ಎರಡು ಪೊರೊಬೊ ಕೊಂಡವರೂ ಇದ್ದಾರೆ.

ಪ್ರಶ್ನೆ: ಚಿಯಾಂಗ್‌ಮಾಯ್‌ನಲ್ಲಿ ಪಾಠ ಹೇಳುತ್ತಿದ್ದೇನೆ. ತಾಯಿಯ ಆರೋಗ್ಯದ ಕಾರಣ ಒಂದೂವರೆ ವರ್ಷ ಊರಿನಲ್ಲಿ ಇರಬೇಕಾಗಿ ಬಂದಿದೆ. ಮೋಟರ್‌ಸೈಕಲ್ಲನ್ನು ಮಾರಲು ಮನಸ್ಸಿಲ್ಲ. ತೆರಿಗೆ ಕಟ್ಟದೆ ಹಾಗೇ ಬಿಟ್ಟರೆ ಏನಾಗುತ್ತದೆ?

ಉತ್ತರ: ಮೊತ್ತದ ದೃಷ್ಟಿಯಿಂದ ದೊಡ್ಡ ನಷ್ಟವೇನಿಲ್ಲ. ಮೋಟರ್‌ಸೈಕಲ್ಲಿನ ವಾರ್ಷಿಕ ತೆರಿಗೆ 100 ಬಾತ್, ತಡವಾದರೆ ತಿಂಗಳಿಗೆ ಶೇ. 1ರಷ್ಟು ದಂಡ. ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಒಂದು ವರ್ಷಕ್ಕಿಂತ ಹೆಚ್ಚು ಬಾಕಿಯಾದ ವಾಹನವನ್ನು ಖಾಸಗಿ ಕೇಂದ್ರದಲ್ಲಿ ತಪಾಸಣೆ ಮಾಡಿಸಿದರೆ ಸಾಲದು, ಸಾರಿಗೆ ಕಚೇರಿಗೇ ಒಯ್ಯಬೇಕು. ಆದರೆ ತೆರಿಗೆ ಮುಗಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ, ಹಾಗಾಗಿ ಪಿಕಪ್‌ನಲ್ಲಿ ಹಾಕಿ ಸಾಗಿಸಬೇಕಾಗುತ್ತದೆ. ಸತತ 3 ವರ್ಷ ಬಾಕಿಯಾದರೆ ನೋಂದಣಿಯೇ ರದ್ದಾಗುತ್ತದೆ. ಆಮೇಲೆ ಫಲಕ ಹಿಂದಿರುಗಿಸಿ, ಬಾಕಿ ತೀರಿಸಿ, ಹೊಸದಾಗಿ ನೋಂದಾಯಿಸಬೇಕು, ಮತ್ತು ಆಗ ವಿದೇಶಿಯಾದ ನಿಮ್ಮಿಂದ ವಾಸಸ್ಥಳದ ಪುರಾವೆಯೂ ಬೇಕಾಗುತ್ತದೆ.

ನಿಮಗೆ ಎರಡು ದಾರಿಗಳಿವೆ. ವಾಹನವನ್ನು ಬಳಸುವುದಿಲ್ಲವೆಂದು ಸಾರಿಗೆ ಕಚೇರಿಗೆ ತಿಳಿಸಿ ನಂಬರ್ ಫಲಕವನ್ನು ಒಪ್ಪಿಸಿದರೆ ಆ ಅವಧಿಗೆ ತೆರಿಗೆ ಬೀಳುವುದಿಲ್ಲ. ಈ ಸೂಚನೆಯನ್ನು ಈಗಿನ ತೆರಿಗೆ ಅವಧಿ ಮುಗಿಯುವ ಮೊದಲೇ ಕೊಡಬೇಕು. ಆದರೆ 100 ಬಾತ್ ಉಳಿಸಲು ಫಲಕ ಬಿಚ್ಚಿ ಒಪ್ಪಿಸಿ, ಮರಳಿದ ಮೇಲೆ ಮತ್ತೆ ಪಡೆಯುವ ಓಡಾಟ ನನಗೇನೂ ಲಾಭವೆನಿಸುವುದಿಲ್ಲ. ದೊಡ್ಡ ಕಾರಿನ ಒಡೆಯರಿಗೆ ಅದು ಸರಿ. ನೀವು ಹಸಿರು ಪುಸ್ತಕವನ್ನು ನಂಬಿಕೆಯ ಸಹೋದ್ಯೋಗಿಯೊಬ್ಬರ ಬಳಿ ಕೊಟ್ಟು ಹೋಗಿ. ಅವರು ವಿಮೆ ಕೊಂಡು, ಗಾಡಿಗೆ 5 ವರ್ಷ ತುಂಬಿದ್ದರೆ ತಪಾಸಣೆ ಮಾಡಿಸಿ, ನಿಮ್ಮ ಪರವಾಗಿ ತೆರಿಗೆ ಕಟ್ಟಬಹುದು. 125 ಸಿ.ಸಿ. ಗಾಡಿಯಾದರೆ ವಿಮೆಗೆ 323.14 ಬಾತ್ ಆಗುತ್ತದೆ.

ಪ್ರಶ್ನೆ: ನಮ್ಮ ಎರಡು ಕಾರುಗಳ ಎಂಜಿನ್ ಗಾತ್ರ, ವಯಸ್ಸು ಎಲ್ಲ ಒಂದೇ. ಒಂದು ನನ್ನ ಹೆಸರಿನಲ್ಲಿದೆ, ಇನ್ನೊಂದು ನನ್ನ ಸಣ್ಣ ಕಂಪನಿಯ ಹೆಸರಿನಲ್ಲಿದೆ. ಕಂಪನಿಯ ಕಾರಿಗೆ ಸರಿಯಾಗಿ ಎರಡರಷ್ಟು ತೆರಿಗೆ ಕಟ್ಟಿಸಿಕೊಂಡಿದ್ದಾರೆ. ಇದು ಲೆಕ್ಕದ ತಪ್ಪೋ?

ಉತ್ತರ: ತಪ್ಪಲ್ಲ. ಏಳು ಆಸನಗಳವರೆಗಿನ ಕಾರು ಕಂಪನಿಯಂಥ ಕಾನೂನು ಸಂಸ್ಥೆಯ ಹೆಸರಿನಲ್ಲಿದ್ದರೆ, ಆ ಸಂಸ್ಥೆ ಕಂತಿನ ಮೇಲೆ ವಾಹನ ಕೊಡುವ ವ್ಯವಹಾರದ್ದಾಗಿರದ ಹೊರತು, ತೆರಿಗೆ ಇಮ್ಮಡಿಯಾಗುತ್ತದೆ. ಸಾಲದ ಕಾರಣಕ್ಕೆ ಹಣಕಾಸು ಸಂಸ್ಥೆಯ ಹೆಸರಿನಲ್ಲಿರುವ ಕಾರುಗಳಿಗೆ ಈ ಇಮ್ಮಡಿ ತೆರಿಗೆ ಇಲ್ಲ. ಅಂಥವರ ನೀಲಿ ಪುಸ್ತಕ ಸಾಲ ತೀರುವವರೆಗೆ ಆ ಸಂಸ್ಥೆಯ ಬಳಿಯೇ ಇರುವುದರಿಂದ, ಅವರು ಪುಸ್ತಕದ ನಕಲು ಪ್ರತಿಯನ್ನು ಪಡೆದು ಅದರ ಮೇಲೆಯೇ ತೆರಿಗೆ ಕಟ್ಟಬಹುದು.